ಹಳೆಯ ಆವೃತ್ತಿಯ ಆಟ: ಒಂದು ವಿವೇಚನೆ

ಶಬ್ದಕೋಶವೊಂದರ ಪರಿಷ್ಕೃತ ಆವೃತ್ತಿ ಹೊರಬಿದ್ದಿತೆಂದರೆ ಅದರ ಹಿಂದಿನ ಆವೃತ್ತಿಯನ್ನು ನಾವು ಕಪಾಟಿನ ಮೇಲಿನ ಹಲಗೆಗೆ ಏರಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪುಗಳನ್ನು ತಿದ್ದುವುದಕ್ಕೆಂದೇ ಪರಿಷ್ಕರಣ ನಡೆದಿರುತ್ತದೆ. ಕಾವ್ಯದ ವಿಷಯದಲ್ಲಿ ಹಾಗೆ ಮಾಡಲು ಹಿಂಜರಿಯುತ್ತೇವೆ. ಬಿಟ್ಟುಕೊಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಿಕೊಳ್ಳುತ್ತೇವೆ. ಆದರೆ ಆಡುವುದಕ್ಕಾಗಿಯೇ ಬರೆದ ಪುಸ್ತಕವೊಂದಿದ್ದು, ಅದಕ್ಕೆ ಎರಡನೆಯ, ಮೂರನೆಯ, ಐದನೆಯ ಆವೃತ್ತಿಗಳು ಬಂದವೆನ್ನೋಣ. ಆಗ ಹಳೆಯದನ್ನು ಆಡುತ್ತಲೇ ಇರಬೇಕೆ, ಹೊಸದಕ್ಕೆ ಎದ್ದು ಹೋಗಬೇಕೆ? ಈ ಪ್ರಶ್ನೆಗೆ ಅಡಿಟಿಪ್ಪಣಿಯಲ್ಲಿ ಪರಿಹಾರ ದೊರೆಯದು. ಆಡದೆ ಬಿಟ್ಟ ಆಟ ಕಪಾಟಿನಲ್ಲಿ ಇದ್ದೂ ಇಲ್ಲದಂತೆಯೇ.

ಬೆಳಗಾವಿಯ ಸೀಮೆಯವರಾದ ನಮಗೆ ಈ ಪ್ರಶ್ನೆ ಎರಡು ಕಡೆಯಿಂದ ಎದುರಾಗುತ್ತದೆ. ನಮ್ಮಲ್ಲಿ ‘ಆಟ’ವೆಂಬ ಮಾತು ದಾಳ ಉರುಳಿಸುವುದಕ್ಕೂ ಸಲ್ಲುತ್ತದೆ, ವೇಷ ಕಟ್ಟಿ ರಂಗಕ್ಕೆ ಬರುವುದಕ್ಕೂ ಸಲ್ಲುತ್ತದೆ. ದೊಡ್ಡಾಟ, ಸಣ್ಣಾಟ, ಪಾರಿಜಾತದ ಆಟ ಎನ್ನುತ್ತೇವೆ, ನಾಟಕವನ್ನು ‘ಆಡುತ್ತೇವೆ’. ಪಾಶ್ಚಾತ್ಯರಲ್ಲಿ ಕಳೆದ ಐವತ್ತು ವರ್ಷಗಳಿಂದ ಬೆಳೆದು ಬಂದಿರುವ, ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟವೊಂದು ಈ ಎರಡು ಅರ್ಥಗಳನ್ನೂ ಒಟ್ಟಿಗೆ ಹೊತ್ತಿದೆ. ಅದರ ಆವೃತ್ತಿಗಳ ವಿವಾದವನ್ನು ನಮ್ಮ ಶ್ರೀಕೃಷ್ಣ ಪಾರಿಜಾತದ ಮಗ್ಗುಲಲ್ಲಿಟ್ಟು ನೋಡಿದರೆ ಎರಡರ ಮೇಲೂ ಕೊಂಚ ಬೆಳಕು ಬೀಳಬಹುದೆಂಬ ನಂಬಿಕೆಯಿಂದ ಈ ವಿವೇಚನೆಗೆ ಕೈ ಹಾಕಿದ್ದೇವೆ.

ಮೊದಲು ಮೇಜಿನ ಆಟದ ಪರಿಚಯ. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಮೂರು ಚಿಕ್ಕ ಹೊತ್ತಗೆಗಳನ್ನು ಪ್ರಕಟಿಸಿದರು. ನೆಲಮಾಳಿಗೆಗಳು ಮತ್ತು ಘಟಸರ್ಪಗಳು ಎಂದು ಆ ಹೆಸರಿನ ಅರ್ಥ. ಆಟಗಾರರಲ್ಲಿ ಒಬ್ಬೊಬ್ಬನೂ ಒಂದೊಂದು ಪಾತ್ರವನ್ನು, ಯೋಧನನ್ನೋ ಮಾಂತ್ರಿಕನನ್ನೋ ಕಳ್ಳನನ್ನೋ, ವಹಿಸಿಕೊಳ್ಳುತ್ತಾನೆ. ಒಬ್ಬನು ಮಾತ್ರ ಪಾತ್ರ ವಹಿಸದೆ ಸೂತ್ರಧಾರನಾಗಿ ಕುಳಿತು, ಕತ್ತಲೆಯ ದಾರಿಯಲ್ಲಿ ಏನು ಕಾಣುತ್ತದೆಂಬುದನ್ನು ವರ್ಣಿಸಿ, ‘ಈಗ ನೀವೇನು ಮಾಡುತ್ತೀರಿ?’ ಎಂದು ಕೇಳುತ್ತಾನೆ. ಉತ್ತರವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಸಂದೇಹವಿದ್ದಲ್ಲಿ ಇಪ್ಪತ್ತು ಮುಖಗಳ ದಾಳ ತೀರ್ಪು ಕೊಡುತ್ತದೆ. ಪುಸ್ತಕದಲ್ಲಿರುವುದು ಕಥೆಯಲ್ಲ, ಕಥೆ ನಡೆಯುವ ಕಟ್ಟಳೆ.

ಈ ಕಟ್ಟಳೆ ಮತ್ತೆ ಮತ್ತೆ ಬದಲಾಯಿತು. 1977ರಿಂದ 1979ರ ವರೆಗೆ ಮೂರು ದೊಡ್ಡ ಸಂಪುಟಗಳಲ್ಲಿ ವಿಸ್ತೃತ ಪಾಠ ಬಂದಿತು. 1981ರಲ್ಲಿ ಹೊಸಬರಿಗಾಗಿ ಟಾಮ್ ಮೋಲ್ಡ್‌ವೇ ಸಿದ್ಧಪಡಿಸಿದ ಸಂಕ್ಷಿಪ್ತ ಪೆಟ್ಟಿಗೆ ಬಂದಿತು. 1989ರಲ್ಲಿ ಎರಡನೆಯದು, 2000ದಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು, 2024ರಲ್ಲಿ ಆ ಐದನೆಯದರದೇ ಪರಿಷ್ಕರಣ. ನಡುವೆ ಪ್ರಕಾಶಕರೂ ಬದಲಾದರು. ಪ್ರತಿ ಸಲವೂ ಕೆಲವರು ಹೊಸದಕ್ಕೆ ಹೋದರು, ಕೆಲವರು ಹಳೆಯದರಲ್ಲೇ ಉಳಿದರು. ಉಳಿದವರನ್ನು ಹೋದವರು ಜಡರೆಂದರು. ಹೋದವರನ್ನು ಉಳಿದವರು ಚಂಚಲರೆಂದರು. ಇಂಥ ಬೈಗುಳಗಳು ವಿಮರ್ಶೆಯೆನಿಸಲಾರವು.

ಪರಿಷ್ಕರಣಗಳೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದರಿಂದಲೇ ಈ ಜಗಳ ಬೆಳೆದಿದೆಯೆಂದು ನಮಗೆ ತೋರುತ್ತದೆ. ಲೆಕ್ಕವನ್ನು ಸುಲಭಗೊಳಿಸುವ ಬದಲಾವಣೆ ಬೇರೆ. ಆಟಗಾರನ ನಡೆಯನ್ನೇ ತಿರುಗಿಸುವ ಬದಲಾವಣೆ ಬೇರೆ. ಹಳೆಯ ಪಾಠದಲ್ಲಿ ಕವಚದ ಅಂಕ ಇಳಿದಷ್ಟೂ ರಕ್ಷಣೆ ಹೆಚ್ಚು ಎಂಬ ವಿಚಿತ್ರ ಎಣಿಕೆಯಿತ್ತು. ಹೊಸಬನಿಗೆ ಇದನ್ನು ತಿಳಿಸುವಷ್ಟರಲ್ಲಿ ಒಂದು ತಾಸು ಕಳೆಯುತ್ತಿತ್ತು. 2000ದ ಆವೃತ್ತಿ ಇದನ್ನು ತಲೆಕೆಳಗು ಮಾಡಿ, ಅಂಕ ಏರಿದಷ್ಟೂ ರಕ್ಷಣೆ ಹೆಚ್ಚೆಂದು ನೇರಗೊಳಿಸಿತು. ಇದರಿಂದ ಯಾವ ಆಟಗಾರನೂ ಬೇರೆ ರೀತಿಯಲ್ಲಿ ಯೋಚಿಸಬೇಕಾಗಲಿಲ್ಲ. ಇದನ್ನು ಒಪ್ಪದವನು ಕೇವಲ ಅಭ್ಯಾಸದ ದಾಸನೆಂದು ನಾವು ಧಾರಾಳವಾಗಿ ಹೇಳಬಹುದು.

ಹೊನ್ನಿನ ಕಟ್ಟಳೆಯ ಮಾತು ಹಾಗಲ್ಲ. 1974ರ ಪಾಠದಿಂದ ಹಿಡಿದು 1981ರ ಪೆಟ್ಟಿಗೆಯ ವರೆಗೆ, ಪಾತ್ರವು ಮೇಲಿನ ಮೆಟ್ಟಿಲಿಗೇರಲು ಬೇಕಾದ ಅನುಭವಾಂಕಗಳು ಮುಖ್ಯವಾಗಿ ನೆಲಮಾಳಿಗೆಯಿಂದ ಹೊರತಂದ ಸಂಪತ್ತಿನಿಂದ ದೊರೆಯುತ್ತಿದ್ದವು: ಒಂದು ಹೊನ್ನಿಗೆ ಒಂದು ಅಂಕ. ಕೊಂದದ್ದಕ್ಕೂ ಅಂಕವಿತ್ತು, ಆದರೆ ಅತ್ಯಲ್ಪ. 1981ರ ಪಾಠದಲ್ಲಿ ಸಾಮಾನ್ಯನಾದ ಒಬ್ಬ ಶತ್ರುವನ್ನು ಕೊಂದರೆ 10 ಅಂಕ. ಯೋಧನು ಎರಡನೆಯ ಮೆಟ್ಟಿಲಿಗೇರಲು 2000 ಅಂಕಗಳು ಬೇಕು. ಬರಿಯ ಕೊಲೆಯಿಂದಲೇ ಮೇಲೇರುತ್ತೇನೆಂದವನು ಇನ್ನೂರು ಮಂದಿಯನ್ನು ಕೊಲ್ಲಬೇಕು. ಅವನ ಪ್ರಾಣಾಂಕವೋ ಹೆಚ್ಚೆಂದರೆ ಎಂಟರ ಸುತ್ತಮುತ್ತ, ಅದು ಸೊನ್ನೆಗಿಳಿದರೆ ಸಾವು. ಆದುದರಿಂದ ಆ ಆಟದಲ್ಲಿ ಕತ್ತಿಯನ್ನು ಒರೆಯಿಂದೆಳೆಯುವುದು ಮೂರ್ಖನ ಕೆಲಸವೆನಿಸಿತ್ತು. ಸುತ್ತು ಹಾಕಿ ಹೋಗುವುದು, ಮಾತಾಡಿ ಒಲಿಸಿಕೊಳ್ಳುವುದು, ಲಂಚ ಕೊಡುವುದು, ಓಡಿಹೋಗುವುದು ಜಾಣನ ಕೆಲಸ. ಎದುರಾದ ಪ್ರಾಣಿ ಮೇಲೆ ಬೀಳುತ್ತದೆಯೋ ಸ್ನೇಹ ಬೆಳೆಸುತ್ತದೆಯೋ ಎಂಬುದನ್ನು ಸಹ ಸೂತ್ರಧಾರನು ಎರಡು ದಾಳಗಳಿಂದ ಮೊದಲು ತಿಳಿಯಬೇಕಾಗಿತ್ತು. 1989ರ ಆವೃತ್ತಿ ಹೊನ್ನಿನ ಕಟ್ಟಳೆಯನ್ನು ಐಚ್ಛಿಕಗೊಳಿಸಿತು. 2000ದ ಆವೃತ್ತಿ ಅಂಕಗಳನ್ನು ಎದುರಿಸಿ ಗೆದ್ದ ಸವಾಲುಗಳಿಗೆ ಕಟ್ಟಿತು. ಗೆಲ್ಲುವುದೆಂದರೆ ವ್ಯವಹಾರದಲ್ಲಿ ಬಹುಮಟ್ಟಿಗೆ ಹೊಡೆದು ಗೆಲ್ಲುವುದೇ ಆಯಿತು. 2014ರ ಆವೃತ್ತಿಯಲ್ಲಿ ಒಂದು ರಾತ್ರಿಯ ವಿಶ್ರಾಂತಿಯಿಂದ ಪ್ರಾಣಾಂಕಗಳೆಲ್ಲವೂ ಮರಳಿ ಬರುತ್ತವೆ. ಸೊನ್ನೆಗಿಳಿದವನಿಗೂ ಬದುಕುವ ಅವಕಾಶಗಳಿವೆ. ಇದು ವೀರರಸಕ್ಕೆ ಅನುಕೂಲ. ಭಯಾನಕಕ್ಕೂ ಹಾಸ್ಯಕ್ಕೂ ಅಷ್ಟು ಅನುಕೂಲವಲ್ಲ.

ಒಂದು ದೃಷ್ಟಾಂತವನ್ನು ಕೊಡಬಹುದು. 1981ರ ಪೆಟ್ಟಿಗೆಯ ಜೊತೆಗೆ ಗೈಗ್ಯಾಕ್ಸ್ ಬರೆದ ಪ್ರಸಂಗವೊಂದು ದೊರೆಯುತ್ತಿತ್ತು. ಅದರ ಹೆಸರನ್ನು ಕನ್ನಡಿಸಿದರೆ ‘ಗಡಿಯ ಮೇಲಿನ ಕೋಟೆ’ ಎಂದಾಗುತ್ತದೆ. (ಬೆಳಗಾವಿಯ ಓದುಗರಿಗೆ ಈ ಹೆಸರು ಕಿವಿಯಲ್ಲಿ ಬೇರೆಯೇ ರೀತಿ ಮೊಳಗಿದರೆ ಅದು ಗ್ರಂಥಕರ್ತನ ಅಪರಾಧವಲ್ಲ.) ಕೋಟೆಯ ಹೊರಗಿನ ಗವಿಗಳಲ್ಲಿ ಕುಳ್ಳ ಪಿಶಾಚಿಗಳ ಒಂದು ಗುಂಪಿದೆ, ಅವುಗಳ ನೆರೆಯಲ್ಲಿ ಒಬ್ಬ ದೈತ್ಯನಿದ್ದಾನೆ. ಪ್ರಾಣಕ್ಕೆ ಬಂದಾಗ ಅವು 250 ಹೊನ್ನಿನ ಚೀಲವನ್ನು ಆ ದೈತ್ಯನ ಕಡೆಗೆ ಎಸೆದು ಅವನನ್ನು ಸಹಾಯಕ್ಕೆ ಕರೆಯುತ್ತವೆ. ಅವನಿಗೆ ಪಕ್ಷವೆಂಬುದಿಲ್ಲ, ಹಣವಿದ್ದವರ ಕಡೆಗೆ ಅವನು. ಹಳೆಯ ಕಟ್ಟಳೆಯಲ್ಲಿ ಆಡುವವನು ಇಲ್ಲಿ ನಿಂತು ಯೋಚಿಸಬೇಕಾಗುತ್ತದೆ. 250 ಹೊನ್ನೆಂದರೆ 250 ಅಂಕ; ಕೊಟ್ಟರೆ ಮೇಲೇರುವುದು ತಡವಾಗುತ್ತದೆ, ಕೊಡದಿದ್ದರೆ ತಲೆಯೇ ಹೋಗಬಹುದು. ಮೇಜಿನ ಸುತ್ತ ಚೌಕಾಸಿ ಹುಟ್ಟುತ್ತದೆ. ಲೋಭಿ ಯಾರು, ಅಂಜುಬುರುಕ ಯಾರು, ಜೊತೆಯವನ ಜೀವಕ್ಕೆ ಬೆಲೆ ಕಟ್ಟುವವನು ಯಾರು ಎಂಬುದು ಹೊರಬೀಳುತ್ತದೆ. ಪಾತ್ರವೆಂದರೆ ಇದೇ. ಇದೇ ಪ್ರಸಂಗವನ್ನು 2018ರಲ್ಲಿ ಐದನೆಯ ಆವೃತ್ತಿಗೆ ಹೊಂದಿಸಿ ಪ್ರಕಟಿಸಿದ್ದಾರೆ. ಅಲ್ಲಿಯೂ ಗವಿ ಇದೆ, ದೈತ್ಯನಿದ್ದಾನೆ. ಆದರೆ ಹೊನ್ನು ಅಂಕವಾಗದ ಆಟದಲ್ಲಿ ಆ ಚೀಲದ ತೂಕ ಅಷ್ಟಿಲ್ಲ. ಪ್ರಸಂಗದ ಅಕ್ಷರಗಳು ಹೆಚ್ಚು ಬದಲಾಗದೆ ಅದರ ಅರ್ಥ ಬದಲಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ನಾವು ಹೇಳಿದಂತಾಗಲಿಲ್ಲ. 1978ರ ಆಟಗಾರರ ಸಂಪುಟವು ಸ್ತ್ರೀ ಪಾತ್ರದ ಬಲಕ್ಕೆ ಪುರುಷ ಪಾತ್ರಕ್ಕಿಂತ ಕೆಳಗಿನ ಮಿತಿಯನ್ನು ಕೋಷ್ಟಕ ಹಾಕಿ ಗೊತ್ತುಪಡಿಸಿತ್ತು. ಮುಂದಿನ ಆವೃತ್ತಿ ಅದನ್ನು ತೆಗೆದುಹಾಕಿತು, ಸರಿಯಾಗಿಯೇ ತೆಗೆದುಹಾಕಿತು. 1980ರ ದೇವತೆಗಳ ಸಂಪುಟದಲ್ಲಿ ನಮ್ಮ ಇಂದ್ರ, ಅಗ್ನಿ, ವರುಣ, ಯಮರಿಗೆ ಪ್ರಾಣಾಂಕಗಳನ್ನು ಹಂಚಿದ್ದಾರೆ. ಇದನ್ನು ಕಂಡು ಕೋಪಿಸಿಕೊಳ್ಳುವವರಿದ್ದಾರೆ. ನಮಗೆ ಕೋಪಕ್ಕಿಂತ ಬೇಸರವೇ ಹೆಚ್ಚು. ಪಾರಿಜಾತದ ಕಥೆಯಲ್ಲಿ ಇಂದ್ರನ ಸೋಲಿಗಿಂತ ಸತ್ಯಭಾಮೆಯ ಮುನಿಸು ದೊಡ್ಡದೆಂದು ಬಲ್ಲ ಪ್ರೇಕ್ಷಕರಿಗೆ ಇಂದ್ರನ ಪ್ರಾಣಾಂಕವೆಷ್ಟಾದರೇನು?

ಸತ್ಯಭಾಮೆಯ ಹೆಸರು ಬಂದುದರಿಂದ ಇನ್ನು ನಮ್ಮ ರಂಗಕ್ಕೆ ಬರೋಣ. ಶ್ರೀಕೃಷ್ಣ ಪಾರಿಜಾತಕ್ಕೂ ಆವೃತ್ತಿಗಳ ಇತಿಹಾಸವಿದೆ. ಅಪರಾಳ ತಮ್ಮಣ್ಣನು ರಚಿಸಿದ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿ ರಂಗಕ್ಕೆ ಒಗ್ಗಿಸಿದನೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾದ ಮಾತು. ಎಂದರೆ ನಾವು ಇಂದು ಹಳೆಯದೆಂದು ಕೈಮುಗಿಯುವ ಪಾರಿಜಾತವೇ ಒಂದು ಕಾಲದ ಪರಿಷ್ಕೃತ ಆವೃತ್ತಿ. ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು, ಸತ್ಯಭಾಮೆ ಸಿಟ್ಟಾದಳು. ಕಥೆ ಇಷ್ಟೆ. ಇಷ್ಟರ ಮೇಲೆ ಬೆಳಗಿನ ವರೆಗೆ ಆಟ ನಡೆಯುತ್ತದೆಂದರೆ ಅದರ ರಹಸ್ಯ ಪದಗಳಲ್ಲಿ ಅರ್ಧ, ಪದಗಳ ನಡುವಿನ ಮಾತಿನಲ್ಲಿ ಅರ್ಧ. ಪದಗಳು ಬರೆದಿಟ್ಟವು. ಮಾತು ಬರೆದದ್ದಲ್ಲ, ಅಂದಂದಿಗೆ ಹುಟ್ಟುವಂಥದು. ಭಾಗವತನು ಕೇಳುತ್ತಾನೆ, ಕೆಣಕುತ್ತಾನೆ, ಅಡ್ಡಮಾತು ಹಾಕುತ್ತಾನೆ. ಪಾತ್ರಧಾರಿಯು ಪಾತ್ರದೊಳಗಿಂದಲೇ ಉತ್ತರ ಹೇಳಬೇಕು. ಕೌಜಲಗಿ ನಿಂಗಮ್ಮನ ಹೆಸರು ಈ ಸೀಮೆಯಲ್ಲಿ ಪಾರಿಜಾತದೊಡನೆ ಬೆರೆತು ನಿಂತಿದೆ. ಅಂಥ ಕಲಾವಿದರ ಹಿರಿಮೆ ಕೇವಲ ಕಂಠದಿಂದ ಬಂದದ್ದೆಂದು ತಿಳಿಯುವುದು ಈ ಆಟದ ಸ್ವರೂಪವನ್ನೇ ಮರೆತಂತೆ.

ಮೇಜಿನ ಆಟದ ಸೂತ್ರಧಾರನನ್ನೂ ನಮ್ಮ ಭಾಗವತನನ್ನೂ ಒಬ್ಬನೇ ಎನ್ನುವಷ್ಟು ಸಾಹಸ ನಮಗಿಲ್ಲ. ಭಾಗವತನ ಕಥೆಗೆ ಕೊನೆ ಗೊತ್ತಿದೆ, ಇವನದಕ್ಕೆ ಗೊತ್ತಿಲ್ಲ. ಅಲ್ಲಿ ಪ್ರೇಕ್ಷಕರಿದ್ದಾರೆ, ಇಲ್ಲಿ ಆಡುವವರೇ ಪ್ರೇಕ್ಷಕರು. ಆದರೂ ಇಬ್ಬರ ಕೆಲಸದ ತಿರುಳು ಒಂದೇ: ಪ್ರಶ್ನೆ ಕೇಳಿ ಪಾತ್ರವನ್ನು ಹೊರತರುವುದು. ಈ ತಿರುಳಿಗೆ ಯಾವ ಆವೃತ್ತಿ ಎಷ್ಟು ಎಡೆ ಕೊಡುತ್ತದೆ ಎಂಬುದೇ ನಮ್ಮ ಒರೆಗಲ್ಲು.

ಪಾರಿಜಾತಕ್ಕೆ ಹಾರ್ಮೋನಿಯಂ ಬಂದಿತು, ಧ್ವನಿವರ್ಧಕ ಬಂದಿತು, ವಿದ್ಯುದ್ದೀಪ ಬಂದಿತು. ಇವುಗಳಿಗಾಗಿ ಅಳುವವರೊಡನೆ ನಾವು ಸೇರುವುದಿಲ್ಲ. ಇವು ಕವಚದ ಅಂಕವನ್ನು ನೇರಗೊಳಿಸಿದಂಥ ಬದಲಾವಣೆಗಳು. ಆದರೆ ರಾತ್ರಿಯಿಡೀ ಆಡುವ ಆಟವನ್ನು ಉತ್ಸವದ ವೇದಿಕೆಗಾಗಿ ಒಂದೆರಡು ತಾಸಿಗೆ ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಎಲ್ಲಿ? ಪದಗಳನ್ನು ಬಿಡಲಾಗುವುದಿಲ್ಲ, ಅವು ಪ್ರಸಿದ್ಧವಾದವು. ವೇಷಗಳನ್ನು ಬಿಡಲಾಗುವುದಿಲ್ಲ, ಅವು ಕಣ್ಣಿಗೆ ಬೇಕಾದವು. ಬೀಳುವುದು ಮಾತಿನ ಮೇಲೆ. ಕಾಲದ ಅಂಕೆಗೆ ಸಿಕ್ಕಿದ ಭಾಗವತನು ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಪಾತ್ರಧಾರಿಯು ಉತ್ತರಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಹೂವು ಅದೇ, ಸತ್ಯಭಾಮೆ ಅವಳೇ, ಪದಗಳು ಅವೇ. ಆಟ ಮಾತ್ರ ಬೇರೆ. ಇದು ಹೊನ್ನಿನ ಕಟ್ಟಳೆಯನ್ನು ಕಿತ್ತುಹಾಕಿದಂಥ ಬದಲಾವಣೆ.

ಮಾತು ಒಮ್ಮೆ ಹೋದರೆ ಮರಳಿ ಬಾರದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದಿಂದ ಸಾಂಗಲಿಗೆ ಹೋದ ಭಾಗವತರ ಮೇಳದ ಆಟವನ್ನು ಕಂಡ ಮೇಲೆ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಆರಂಭವೆಂದು ಅದನ್ನು ಎಣಿಸುತ್ತಾರೆ. ಅವರ ನಾಟಕಗಳಲ್ಲಿ ಸೂತ್ರಧಾರನು ಪದ್ಯಗಳನ್ನು ಹಾಡುತ್ತಿದ್ದನು. ಪಾತ್ರಗಳು ಗದ್ಯವನ್ನು ಸ್ವಂತವಾಗಿ ಆಡುತ್ತಿದ್ದವು. ಅದೇ 1843ರಲ್ಲಿ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಅಲ್ಲಿ ಪಾತ್ರಗಳೇ ಹಾಡಿದವು, ಆಡುವ ಮಾತೂ ಬರೆದದ್ದೇ ಆಯಿತು. ಕಿರ್ಲೋಸ್ಕರರ ಸಿದ್ಧಿ ಅಸಾಮಾನ್ಯವಾದುದು. ಅದನ್ನು ಕೀಳ್ಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಅದು ಹಳೆಯದರ ತಿದ್ದುಪಡಿಯಾಗಿರಲಿಲ್ಲ, ಬೇರೊಂದು ಕಲೆಯಾಗಿದ್ದಿತು. ಜನರು ಅದನ್ನು ತಿದ್ದುಪಡಿಯೆಂದೇ ಭಾವಿಸಿ ಹಳೆಯದನ್ನು ಬಿಟ್ಟುಕೊಟ್ಟರು. ಭಾವೆಯವರ ಪದ್ಯಗಳು ಉಳಿದವು. ಆ ಪಾತ್ರಧಾರಿಗಳು ಆಡಿದ ಮಾತು ಒಂದು ರಾತ್ರಿಯದೂ ಉಳಿದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ಎದುರಿಸಬೇಕು. ಎಲ್ಲರೂ ಒಂದೇ ಪಾಠವನ್ನು ಆಡಿದರೆ ಊರೂರಿನವರು ಕೂಡಿ ಆಡಬಹುದಲ್ಲ? ಇದು ಟೊಳ್ಳಾದ ವಾದವಲ್ಲ. 1970ರ ದಶಕದಲ್ಲಿ ಗೈಗ್ಯಾಕ್ಸ್‌ರು ಮೊದಲಿನ ಸಡಿಲ ಹೊತ್ತಗೆಗಳನ್ನು ಬಿಗಿಯಾದ ಸಂಪುಟಗಳಾಗಿ ಕಟ್ಟಲು ಕೊಟ್ಟ ಕಾರಣಗಳಲ್ಲಿ ಸ್ಪರ್ಧೆಗಳಿಗೆ ಬೇಕಾದ ಏಕರೂಪತೆಯೂ ಒಂದು. ನಮ್ಮ ಚದುರಂಗವೂ ಇದೇ ಹಾದಿಯಲ್ಲಿ ನಡೆಯಿತು. ದೇಶೀ ಕಟ್ಟಳೆಯಲ್ಲಿ ಪ್ಯಾದೆಯು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು. ರಾಜನು ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದಾಗಿತ್ತು. ಕೊನೆಯ ಮನೆ ಮುಟ್ಟಿದ ಪ್ಯಾದೆಯು ಆ ಸಾಲಿಗೆ ಸೇರಿದ ಕಾಯಿಯಾಗಿ ಮಾರ್ಪಡುತ್ತಿತ್ತು. ಊರಿಂದ ಊರಿಗೆ ಈ ಕಟ್ಟಳೆಗಳಲ್ಲಿ ವ್ಯತ್ಯಾಸವೂ ಇತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನರು ದೇಶೀ ಕಟ್ಟಳೆಯಲ್ಲಿ ಪಳಗಿದವರು; ಪಾಶ್ಚಾತ್ಯ ಕಟ್ಟಳೆಯನ್ನು ಆಮೇಲೆ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್‌ರಾದರು. ಏಕರೂಪತೆ ಇಲ್ಲದೆ ಹೋಗಿದ್ದರೆ ಜಗತ್ತು ಅವರನ್ನು ಅರಿಯುತ್ತಿರಲಿಲ್ಲ. ಇದನ್ನು ನಾವು ಒಪ್ಪುತ್ತೇವೆ. ಆದರೆ ಚದುರಂಗದ ಗುರಿ ಗೆಲವು. ಯಾರು ಗೆದ್ದರೆಂದು ತಿಳಿಯಲು ಇಬ್ಬರಿಗೂ ಕಟ್ಟಳೆ ಒಂದೇ ಆಗಿರಬೇಕು. ಪಾರಿಜಾತದಲ್ಲಿ ಗೆಲ್ಲುವವರು ಯಾರು? ಪಾತ್ರಧಾರಣೆಯ ಮೇಜಿನಲ್ಲಿ ಗೆಲ್ಲುವವರು ಯಾರು? ಗೆಲವಿಲ್ಲದ ಆಟಕ್ಕೆ ಏಕರೂಪತೆಯನ್ನು ಹೇರುವುದು ಅಂಗಡಿಯವನಿಗೆ ಲಾಭ, ಆಡುವವನಿಗೆ ಅಲ್ಲ.

ನಮ್ಮ ಸೀಮೆಯಲ್ಲಿ ಏಕರೂಪತೆಗೆ ಇನ್ನೊಂದು ತೊಡಕೂ ಇದೆ. ಖಾನಾಪುರ ತಾಲ್ಲೂಕಿನಲ್ಲಿ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಕಿವಿಗೆ ಬೀಳುತ್ತವೆ. ಅಲ್ಲಿಂದ ಘಟ್ಟವಿಳಿದು ಕೊಂಕಣದ ಕಡೆಗೆ ಹೋದರೆ ದಶಾವತಾರದ ಮೇಳಗಳು ಇಂದಿಗೂ ಬರೆದ ಸಂಭಾಷಣೆಯಿಲ್ಲದೆ ಆಡುತ್ತವೆ. ಆಶುಭಾಷಣವುಳ್ಳ ಆಟಕ್ಕೆ ಎದುರು ಕುಳಿತವರ ಭಾಷೆಗೆ ಹೊರಳುವ ಶಕ್ತಿಯಿದೆ. ಒಂದು ನಗೆಮಾತು ಕನ್ನಡದಲ್ಲಿ ಹುಟ್ಟಿ ಮರಾಠಿಯಲ್ಲಿ ಮುಗಿಯಬಹುದು. ಅಚ್ಚಾದ ಸಂಭಾಷಣೆಗೆ ಈ ಶಕ್ತಿ ಇಲ್ಲ. ಭಾಷೆಯ ಹೆಸರಿನಲ್ಲಿ ಇಷ್ಟೊಂದು ಕದನ ಕಂಡ ಈ ನೆಲದಲ್ಲಿ ಅಂಥ ಆಟವೊಂದನ್ನು ಬಿಟ್ಟುಕೊಡುವುದು ವಿವೇಕವೆನಿಸದು.

ಪುಸ್ತಕ ಸಿಕ್ಕದ ಕಾರಣ ಹಳೆಯ ಆವೃತ್ತಿಯನ್ನು ಬಿಡಬೇಕಾಯಿತೆಂಬ ಮಾತು ಮೇಜಿನ ಆಟದ ಮಟ್ಟಿಗೆ ಈಗ ಸಲ್ಲದು. 2000ದಲ್ಲಿ ಪ್ರಕಾಶಕರೇ ಕೊಟ್ಟ ಮುಕ್ತ ಪರವಾನಗಿಯನ್ನು ಬಳಸಿಕೊಂಡು 2006ರಲ್ಲಿ ಕೆಲವರು 1970ರ ದಶಕದ ಕಟ್ಟಳೆಗಳನ್ನು ಹೊಸ ಮಾತುಗಳಲ್ಲಿ ಬರೆದು ಹಂಚಿದರು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸುವ ಪ್ರಯತ್ನ ನಡೆದಾಗ ಆಟಗಾರರು ಪ್ರತಿಭಟಿಸಿದರು. ಪ್ರಕಾಶಕರು ಹಿಂದೆ ಸರಿದು ಐದನೆಯ ಆವೃತ್ತಿಯ ಮೂಲ ಕಟ್ಟಳೆಗಳನ್ನೇ ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟರು. ಪುಸ್ತಕಗಳಿಗೆ ಇನ್ನು ಸಾವಿಲ್ಲ. ಪುಸ್ತಕ ಉಳಿದರೆ ಆಟ ಉಳಿಯಿತೆಂದು ತಿಳಿಯುವುದು ಮಾತ್ರ ಭ್ರಮೆ. 1974ರ ಹೊತ್ತಗೆಗಳನ್ನು ಓದಿದವರಿಗೆ ಗೊತ್ತು: ಅವು ಅರ್ಧ ಹೇಳಿ ಅರ್ಧ ಬಿಡುತ್ತವೆ, ಉಳಿದುದನ್ನು ನೀವೇ ಕಲ್ಪಿಸಿಕೊಳ್ಳಿರೆಂದು ಕೊನೆಯಲ್ಲಿ ಓದುಗರಿಗೇ ಒಪ್ಪಿಸುತ್ತವೆ. ಆ ಉಳಿದರ್ಧವನ್ನು ಆಡುತ್ತ ಬಂದವರಿಂದಲೇ ಕಲಿಯಬೇಕು. ಪಾರಿಜಾತದ ಪದಗಳು ಅಚ್ಚಾಗಿವೆ, ಧ್ವನಿಮುದ್ರಣಗಳೂ ಇವೆ. ಭಾಗವತನು ಇಂಥ ಪ್ರೇಕ್ಷಕರೆದುರು ಇಂಥ ಪ್ರಶ್ನೆಯನ್ನು ಏಕೆ ಕೇಳಿದನೆಂಬುದು ಅವುಗಳಲ್ಲಿ ಇಲ್ಲ.

ಆದುದರಿಂದ ಹಳೆಯ ಆವೃತ್ತಿಯನ್ನು ಆಡಬೇಕೇ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಲೆಕ್ಕದಲ್ಲಿ ಹೊಸದನ್ನು ತೆಗೆದುಕೊಳ್ಳಿರಿ, ನಡೆಯಲ್ಲಿ ಹಳೆಯದನ್ನು ಆಡಿರಿ, ನಡೆ ಬದಲಾದಲ್ಲಿ ಎರಡನ್ನೂ ಬೇರೆ ಬೇರೆ ಆಟಗಳೆಂದು ಎಣಿಸಿ ಎರಡನ್ನೂ ಆಡಿರಿ. ಕಾಲೇಜಿನ ಅಧ್ಯಾಪಕರಿಗೆ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಗಡಿಯ ಕೋಟೆಯ ಪ್ರಸಂಗವನ್ನು ಒಂದು ತಂಡ 1981ರ ಕಟ್ಟಳೆಯಲ್ಲಿ, ಇನ್ನೊಂದು ತಂಡ ಐದನೆಯ ಆವೃತ್ತಿಯ ಕಟ್ಟಳೆಯಲ್ಲಿ ಆಡಲಿ. ದೈತ್ಯನ ಗವಿಯ ಮುಂದೆ ಎರಡು ತಂಡಗಳೂ ಎಷ್ಟು ಹೊತ್ತು ಮಾತಾಡಿದವೆಂಬುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಲಿ. ಪಾರಿಜಾತದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕು. ಸಂಕ್ಷಿಪ್ತ ಪ್ರದರ್ಶನವನ್ನು ಸಭಾಗೃಹಕ್ಕೆ ಕರೆಸಿ ಚಪ್ಪಾಳೆ ತಟ್ಟಿ ಕಳಿಸುವ ಬದಲು, ವರ್ಷಕ್ಕೊಂದು ರಾತ್ರಿಯಾದರೂ ಹಿರಿಯ ಭಾಗವತರೊಬ್ಬರ ಕೈಕೆಳಗೆ ವಿದ್ಯಾರ್ಥಿಗಳನ್ನೇ ಬೆಳಗಿನ ವರೆಗೆ ಆಡಲು ಬಿಡಬೇಕು. ಗೌರವಧನವನ್ನು ತಾಸಿನ ಲೆಕ್ಕದಲ್ಲಿ ಕೊಡದೆ ರಾತ್ರಿಯ ಲೆಕ್ಕದಲ್ಲಿ ಕೊಡಬೇಕು. ಹಾಡಲು ಬಾರದ ವಿದ್ಯಾರ್ಥಿಗಳು ಮಾತಿನ ಪಾತ್ರಗಳನ್ನು ವಹಿಸಿಕೊಳ್ಳಲಿ. ಬರೆದ ಕಾಗದವನ್ನು ಮಾತ್ರ ರಂಗದ ಮೇಲೆ ತರದಿರಲಿ.